ಬಳುವಳಿ ಬಂದ ಕಾಲಂ ಬದಲಿಸುವುದು ಎಲ್ಲಿ?

ಪ್ರಶ್ನೆ: ಪೋಸ್ಟ್‌ಗ್ರೆಸ್ ಎಂಬ ದತ್ತಾಂಶ ಸಂಗ್ರಹ ತಂತ್ರಾಂಶದಲ್ಲಿ ‘ವಾಹನ’ ಎಂಬ ಮೂಲ ಟೇಬಲ್‌ನಿಂದ ‘ಲಾರಿ’, ‘ಕಾರು’ ಎಂಬ ಎರಡು ಟೇಬಲ್‌ಗಳನ್ನು ‘ಇನ್‌ಹೆರಿಟ್ಸ್’ (ಮೂಲದ ಕಾಲಂಗಳನ್ನು ಬಳುವಳಿಯಾಗಿ ಪಡೆಯುವ ಸೂಚನೆ) ಬಳಸಿ ರಚಿಸಿದ್ದೇನೆ. ‘ಲಾರಿ’ಯಲ್ಲಿ ಮಾತ್ರ ‘ಸಂಕೇತ’ ಕಾಲಂನ ವಾರ್‌ಚಾರ್ (ಪಠ್ಯದ ವಿಧ) ಅಕ್ಷರಮಿತಿಯನ್ನು 10ರಿಂದ 15ಕ್ಕೆ ಏರಿಸಲು ಹೋದರೆ, ಬಳುವಳಿ ಬಂದ ಕಾಲಂ ಬದಲಿಸಲಾಗದು ಎಂಬ ದೋಷಸಂದೇಶ ಬರುತ್ತದೆ. ಇನ್ನೊಂದು ವಿಚಿತ್ರ: ‘ವಾಹನ’ದಿಂದ ‘ಬಣ್ಣ’ ಕಾಲಂ ತೆಗೆದಾಗ ‘ಕಾರು’ ಟೇಬಲ್‌ನಿಂದಲೂ ಅದು ಹೋಯಿತು, ‘ಲಾರಿ’ಯಲ್ಲಿ ಮಾತ್ರ ಉಳಿಯಿತು. ಏಕೆ?

ಉತ್ತರ: ‘ವಾಹನ’ದ ಮೇಲೆ ಹಾಕಿದ ಸೆಲೆಕ್ಟ್ (ಸಾಲುಗಳನ್ನು ಓದುವ ಆದೇಶ) ಮೂರೂ ಟೇಬಲ್‌ಗಳ ಸಾಲುಗಳನ್ನು ಒಟ್ಟಿಗೆ ತರಬೇಕಾದ್ದರಿಂದ, ಬಳುವಳಿ ಬಂದ ಕಾಲಂನ ಹೆಸರು ಮತ್ತು ವಿಧ ಎಲ್ಲೆಡೆ ಒಂದೇ ಆಗಿರಬೇಕು. ಆದುದರಿಂದ ಟೇಬಲ್‌ನ ರಚನೆ ಬದಲಿಸುವ ಆಲ್ಟರ್ ಟೇಬಲ್ ಆದೇಶವನ್ನು ‘ವಾಹನ’ದ ಮೇಲೆಯೇ ನಡೆಸಿರಿ, ಬದಲಾವಣೆ ತಾನಾಗಿ ಕೆಳಗಿನ ಟೇಬಲ್‌ಗಳಿಗೂ ಇಳಿಯುತ್ತದೆ. ವಾರ್‌ಚಾರ್ ಮಿತಿಯನ್ನು ಹೆಚ್ಚಿಸಿದರೆ 9.2ನೇ ಆವೃತ್ತಿಯಿಂದೀಚೆಗೆ ಟೇಬಲ್ ಮರುಬರೆಯಬೇಕಾಗಿಲ್ಲ, ಆದರೆ ಇಂಟಿಜರ್ (ಪೂರ್ಣಾಂಕ) ಕಾಲಂ ಅನ್ನು ಇನ್ನೂ ದೊಡ್ಡ ಪೂರ್ಣಾಂಕದ ವಿಧವಾದ ಬಿಗ್‌ಇಂಟ್ ಮಾಡಿದರೆ ಮೂರೂ ಟೇಬಲ್‌ಗಳು ಪೂರ್ಣವಾಗಿ ಮರುಬರೆಯಲ್ಪಡುತ್ತವೆ, ಅಷ್ಟು ಹೊತ್ತು ಓದುವ ಕೆಲಸವೂ ಕಾಯುತ್ತದೆ. ‘ಕಾರು’ವಿಗೆ 10ರ ಮಿತಿಯೇ ಬೇಕಿದ್ದರೆ ಅದರ ಮೇಲೊಂದು ಚೆಕ್ ನಿರ್ಬಂಧ (ಮೌಲ್ಯಗಳನ್ನು ಪರೀಕ್ಷಿಸುವ ನಿಯಮ) ಹಾಕಿಕೊಳ್ಳಿ. ಬಳುವಳಿಯ ನಂಟು ಕಡಿಯುವ ‘ನೋ ಇನ್‌ಹೆರಿಟ್’ ಮೂಲಕ ‘ಲಾರಿ’ಯನ್ನು ಬೇರ್ಪಡಿಸಿ, ವಿಧ ಬದಲಿಸಿ, ಮತ್ತೆ ಸೇರಿಸುವ ಅಡ್ಡದಾರಿ ಹಲವರಿಗೆ ಹೊಳೆಯುತ್ತದೆ, ಮರಳಿ ಸೇರಿಸುವಾಗ ವಿಧ ಹೊಂದುವುದಿಲ್ಲವೆಂದು ಅದೂ ನಿಲ್ಲುತ್ತದೆ.

‘ಬಣ್ಣ’ದ ಗುಟ್ಟು ಪಿಜಿ_ಆಟ್ರಿಬ್ಯೂಟ್ ಎಂಬ ಕ್ಯಾಟಲಾಗ್‌ನಲ್ಲಿದೆ (ಪೋಸ್ಟ್‌ಗ್ರೆಸ್ ಕಾಲಂಗಳ ವಿವರ ಇಟ್ಟುಕೊಳ್ಳುವ ಒಳಟೇಬಲ್). ಅಲ್ಲಿ ಪ್ರತಿ ಕಾಲಂಗೆ ಎರಡು ಗುರುತುಗಳಿವೆ: ಎಷ್ಟು ಮೂಲಗಳಿಂದ ಬಂತೆಂದು ಹೇಳುವ ಆಟ್‌ಇನ್‌ಹ್‌ಕೌಂಟ್, ಆ ಟೇಬಲ್‌ನಲ್ಲಿಯೇ ಘೋಷಿಸಲಾಗಿದೆಯೇ ಎಂದು ಹೇಳುವ ಆಟ್‌ಇಸ್‌ಲೋಕಲ್. ‘ಲಾರಿ’ಯನ್ನು ರಚಿಸುವಾಗ ನೀವು ‘ಬಣ್ಣ’ವನ್ನು ಮತ್ತೊಮ್ಮೆ ಬರೆದಿದ್ದಿರಬೇಕು. ಹಾಗೆ ಬರೆದಾಗ ಎರಡು ಘೋಷಣೆಗಳು ಒಂದೇ ಕಾಲಂ ಆಗಿ ಬೆಸೆದು, ಎಣಿಕೆ 1 ಆಗಿ, ಸ್ವಂತದ ಗುರುತೂ ಉಳಿಯುತ್ತದೆ. ಮೂಲದಿಂದ ತೆಗೆದಾಗ ಎಣಿಕೆ ಸೊನ್ನೆಗೆ ಇಳಿಯಿತಾದರೂ ಸ್ವಂತದ ಗುರುತು ಕಾಲಂ ಅನ್ನು ಕಾಪಾಡಿತು. ‘ಕಾರು’ವಿನಲ್ಲಿ ಆ ಗುರುತು ಇರಲಿಲ್ಲ, ಆದ್ದರಿಂದ ದತ್ತಾಂಶದ ಸಮೇತ ಹೋಯಿತು. ಎರಡು ಕಡೆಯೂ ಉಳಿಸಬೇಕಿದ್ದರೆ ‘ಆಲ್ಟರ್ ಟೇಬಲ್ ಓನ್ಲಿ ವಾಹನ’ (‘ಓನ್ಲಿ’ ಎಂದರೆ ಮೂಲ ಟೇಬಲ್‌ಗೆ ಮಾತ್ರ) ಎಂದು ಬರೆದು ತೆಗೆಯಬೇಕಿತ್ತು.

ಡೀಫಾಲ್ಟ್ ಮೌಲ್ಯ (ಏನೂ ಕೊಡದಿದ್ದಾಗ ತಾನಾಗಿ ತುಂಬುವ ಮೌಲ್ಯ) ಈ ಕಟ್ಟಿಗೆ ಒಳಪಟ್ಟಿಲ್ಲ, ‘ಲಾರಿ’ಗೆ ಬೇರೆಯದನ್ನೇ ಇಡಬಹುದು. ಆದರೆ ಮುಂದೆ ‘ವಾಹನ’ದ ಡೀಫಾಲ್ಟ್ ಬದಲಿಸುವಾಗ ‘ಓನ್ಲಿ’ ಮರೆತರೆ ‘ಲಾರಿ’ಯದೂ ಸದ್ದಿಲ್ಲದೆ ಅಳಿಸಿಹೋಗುತ್ತದೆ.