ಲೋಟ ಮೂಸುವ ಮಗಳು

ಕುಡಿತ ಬಿಟ್ಟ ಹೆಂಗಸರಿಗೂ ಅವರ ಮನೆಯವರಿಗೂ ಒಟ್ಟಾಗಿ ನಡೆಸುವ ವಾರಾಂತ್ಯದ ಶಿಬಿರಗಳಲ್ಲಿ ಒಂದು ಸಂಗತಿ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಎದುರಾಗುತ್ತದೆ: ಕಾವಲು. ಹೆಂಡತಿಯ ಬ್ಯಾಗು ತಡಕುವ ಗಂಡ, ಫೋನಿನಲ್ಲಿ ಮಗಳ ಮಾತು ತೊದಲುತ್ತಿದೆಯೇ ಎಂದು ಕಿವಿಗೊಡುವ ತಾಯಿ. ಈ ಪ್ರಕರಣದಲ್ಲಿ ಆ ಕೆಲಸ ಹದಿಮೂರರ ಹುಡುಗಿಯ ಪಾಲಿಗೆ ಬಂದಿತ್ತು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ತಾಯಿಗೆ ನಲವತ್ತರ ಆಸುಪಾಸು. ಬಿಟ್ಟು ಏಳು ತಿಂಗಳು, ನಡುವೆ ಎರಡು ಸಲ ಜಾರಿ ಮತ್ತೆ ಕುಡಿದಿದ್ದರು. ಕುಡಿತವೆಲ್ಲ ಮನೆಯೊಳಗೆ, ಬಾಗಿಲು ಹಾಕಿಕೊಂಡು. ಸೇರಿಸಿಕೊಳ್ಳುವ ಮೊದಲು ಪ್ರತಿಯೊಬ್ಬರನ್ನೂ ಒಬ್ಬೊಬ್ಬರಾಗಿ ಕೂರಿಸಿ, ಮನೆಯಲ್ಲಿ ಹೊಡೆತ, ಬೆದರಿಕೆ ಇದೆಯೇ ಎಂದು ಕೇಳುತ್ತೇವೆ. ಇದ್ದರೆ ಜಂಟಿ ಮಾತುಕತೆ ಇಲ್ಲ. ಇವರಲ್ಲಿ ಅದಿರಲಿಲ್ಲ.

ಜಂಟಿ ಮಾತುಕತೆ ಶನಿವಾರ ಮಧ್ಯಾಹ್ನ. ಭಾನುವಾರಕ್ಕೆ ಇಟ್ಟರೆ ಕೆದಕಿದ ಗಾಯವನ್ನು ಹಾಗೇ ಮನೆಗೆ ಒಯ್ಯುತ್ತಾರೆ. ಒಬ್ಬೊಬ್ಬರಿಗೆ ಮೂರು ನಿಮಿಷ, ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಕೇಳಿಸಿಕೊಂಡವರು ಉತ್ತರ ಕೊಡುವ ಮೊದಲು, ಕೇಳಿಸಿದ್ದನ್ನು ತಮ್ಮ ಮಾತಿನಲ್ಲಿ ಒಮ್ಮೆ ಹೇಳಬೇಕು.

ಗಂಡ ನೋಟುಪುಸ್ತಕ ತಂದಿದ್ದರು. ಏಳು ತಿಂಗಳ ಲೆಕ್ಕ: ತಾರೀಖು, ಮನೆಗೆ ಬಂದ ಹೊತ್ತು, ಕಣ್ಣು ಕೆಂಪಿತ್ತೇ, ವಾಸನೆ ಇತ್ತೇ. ಓದುತ್ತಾ ಹೋದರು. ಹೆಂಡತಿ ತಲೆ ಎತ್ತಲಿಲ್ಲ. ಮಗಳ ಸರದಿ ಬಂದಾಗ ಅವಳು ಅಪ್ಪನನ್ನೇ ನೋಡಿಕೊಂಡು ಹೇಳಿದಳು:

"ಅಮ್ಮನ ಲೋಟ ತೊಳೆಯೋಕೆ ಮುಂಚೆ ನಾನು ಮೂಸಿ ನೋಡ್ತೀನಿ. ನೀವೇ ಹೇಳಿದ್ರಲ್ಲ. ವಾಸನೆ ಇಲ್ಲ ಅಂದ್ರೆ ಖುಷಿ ಆಗಲ್ಲಪ್ಪಾ. ನನಗೇ ಸರಿಯಾಗಿ ಗೊತ್ತಾಗ್ಲಿಲ್ವೇನೋ ಅನ್ಸತ್ತೆ."

ಅದನ್ನು ತಮ್ಮ ಮಾತಿನಲ್ಲಿ ಹೇಳಲು ಅಪ್ಪನಿಂದ ಆಗಲಿಲ್ಲ. ಎರಡು ಸಲ ಶುರು ಮಾಡಿ ನಿಲ್ಲಿಸಿದರು. ಆಮೇಲೆ ನನ್ನತ್ತ ತಿರುಗಿ, "ನೋಡೋದು ಬಿಟ್ಟು ಇವಳು ಮತ್ತೆ ಕುಡಿದರೆ ನೀವು ಹೊಣೆ ಆಗ್ತೀರಾ ಮೇಡಂ?" ಎಂದರು.

ಆಗುವುದಿಲ್ಲ ಎಂದೆ. ಆದರೆ ಆ ನೋಟುಪುಸ್ತಕದಲ್ಲೇ ಎರಡೂ ಜಾರುವಿಕೆಗಳಿದ್ದವು, ಕುಡಿದ ಮೇಲೆ ಬರೆದವು. ಹಿಂದಿನ ದಿನ ಆಕೆ ನಿದ್ದೆ ಮಾಡಿದ್ದರೇ, ಯಾರೊಡನೆ ಜಗಳವಾಗಿತ್ತು, ಎಷ್ಟು ಹೊತ್ತು ಒಬ್ಬರೇ ಇದ್ದರು ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಮೂಗಿಗೆ ತಿಳಿಯುವುದು ಆಗಿಹೋದದ್ದು ಮಾತ್ರ.

ಸಲಹೆ ಇಷ್ಟು. ಮಗಳ ಕಾವಲು ಇಂದಿಗೇ ಮುಗಿಯಿತು; ಅದನ್ನು ಅಪ್ಪ ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು. ಪರೀಕ್ಷೆ ಬೇಕೇ ಬೇಕೆಂದರೆ ಬ್ರೆತ್‌ಅನಲೈಸರ್ ಇರಲಿ: ದಿನಕ್ಕೊಮ್ಮೆ, ಗೊತ್ತಾದ ಹೊತ್ತಿಗೆ, ತಾಯಿಯೇ ಊದುವುದು, ನೋಡುವುದು ಗಂಡ ಮಾತ್ರ, ಫಲಿತಾಂಶದ ಮೇಲೆ ಅಲ್ಲೇ ಚರ್ಚೆ ಇಲ್ಲ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬಳಸಿದ ಕೂಡಲೇ ಊದಿದರೆ ಯಂತ್ರ ಸುಳ್ಳು ಹೇಳುತ್ತದೆ. 15 ನಿಮಿಷ ಕಾಯಬೇಕು. ತೊಂಬತ್ತು ದಿನದ ನಂತರ ಇದು ಬೇಕೇ ಎಂದು ಮತ್ತೆ ಕೂತು ಮಾತಾಡುವುದು. ನೋಟುಪುಸ್ತಕ ಇನ್ನು ತಾಯಿಯದು. ರಾತ್ರಿ ನಾಲ್ಕೇ ಸಾಲು: ನಿದ್ದೆ, ಊಟ, ಸಿಟ್ಟು, ಒಂಟಿತನ. ತೋರಿಸುವುದು, ಬಿಡುವುದು ಅವರಿಷ್ಟ.

ಜಾರಿದರೆ ಏನು ಎಂಬುದನ್ನೂ ಬರೆಸಿದೆ. ಕುಡಿದಿರುವಾಗ ವಾದ ಬೇಡ, ಮಾತು ಮರುದಿನ. ಹಲವು ದಿನ ಸತತ ಕುಡಿದಿದ್ದರೆ ಮನೆಯಲ್ಲಿ ಥಟ್ಟನೆ ನಿಲ್ಲಿಸಬಾರದು. ನಿಲ್ಲಿಸಿದ 6 ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು, ಆಮೇಲೆ ಸನ್ನಿಯೂ ಹಿಡಿಯಬಹುದು. ನೇರ ವೈದ್ಯರ ಬಳಿಗೆ. ಈ ವಿಷಯದಲ್ಲಿ ಮಾತ್ರ ನನ್ನದು ಸಲಹೆಯಲ್ಲ, ಹಠ.

ಕಾವಲು ಸಡಿಲಿಸುವುದು ದುಡುಕು ಎಂದು ಇದೇ ಕೆಲಸದಲ್ಲಿರುವ ಕೆಲವರ ವಾದ. ದೊಡ್ಡವರು ತಮ್ಮೊಳಗೆ ಒಪ್ಪಿ ನಡೆಸುವ ಪರೀಕ್ಷೆಗೆ ನನ್ನ ತಕರಾರಿಲ್ಲ. ಮಗುವಿನ ಮೂಗನ್ನು ಯಂತ್ರ ಮಾಡುವುದಕ್ಕಿದೆ. ಅಮ್ಮ ಕುಡಿದರೆ ತಾನು ಸರಿಯಾಗಿ ನೋಡಲಿಲ್ಲ ಎಂದೇ ಮಗು ಲೆಕ್ಕ ಹಾಕುತ್ತದೆ. ಕುಡಿಯುವವರ ಮನೆಯವರಿಗಾಗಿ 1951ರಲ್ಲಿ ಅಲ್-ಅನಾನ್ ಶುರುವಾಗಿ ಆರೇ ವರ್ಷಕ್ಕೆ, 1957ರಲ್ಲಿ, ಹದಿಹರೆಯದವರಿಗೆಂದೇ ಅಲಾಟೀನ್ ಬೇಕಾಯಿತು. ಹತ್ತಿರದಲ್ಲಿ ಅಂಥ ಗುಂಪಿದ್ದರೆ ಮಗಳನ್ನು ಕಳಿಸಿ ಎಂದೆ.

ಭಾನುವಾರ ಹೊರಡುವ ಮುನ್ನ ಮುಂದಿನ ಎರಡು ದಿನದ ವೇಳಾಪಟ್ಟಿ ಗಂಟೆಗಂಟೆಗೆ ಬರೆಸಿದೆವು. ಶಿಬಿರದ ಹುರುಪು ಇಳಿಯುವುದು ಸೋಮವಾರ ಸಂಜೆಯ ಹೊತ್ತಿಗೇ. ಆ ಸಂಜೆ ಆರಕ್ಕೆ ಶಿಬಿರದ ಗೆಳತಿಯೊಬ್ಬರು ಫೋನ್ ಮಾಡಬೇಕೆಂದು ಗೊತ್ತು ಮಾಡಿದೆವು.

ಮೂಸುವ ಚಾಳಿ ಬಿಡಲು ಮಗಳಿಗೆ ಮತ್ತೆ ಮೂರು ವಾರ ಹಿಡಿಯಿತು. ಈಗ ತಮ್ಮ ಲೋಟವನ್ನು ಅಮ್ಮನೇ ತೊಳೆಯುತ್ತಾರೆ.