ಪ್ರಾರ್ಥನೆಯಲ್ಲಿ ಮೇಣದಬತ್ತಿ, ಬೆಂಕಿ ಯಾಕೆ? ಎಲ್ಲ ಧರ್ಮದಲ್ಲೂ ಅರ್ಥ ಒಂದೇನಾ? ಬಲ್ಬ್ ಹಾಕಿದರೆ ಸಾಲದೇ?

ಒಂದೇ ಅಲ್ಲ. ಬೆಳಕು ಅಂದರೆ ಜ್ಞಾನ, ಕತ್ತಲೆ ಅಂದರೆ ಅಜ್ಞಾನ ಅಂತ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ, ಆದರೆ ಅಷ್ಟರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಆ ಬೆಂಕಿಯ ಹತ್ತಿರ ಏನು ಮಾಡಬಾರದು ಅಂತ ಕೇಳಿ ನೋಡಿ, ಅರ್ಥ ಅಲ್ಲೇ ಸಿಗುತ್ತದೆ.

ಯಹೂದಿಗಳನ್ನೇ ತೆಗೆದುಕೊಳ್ಳಿ. ಹನುಕ್ಕಾ ಹಬ್ಬದಲ್ಲಿ ದಿನಕ್ಕೊಂದು ದೀಪ ಹೆಚ್ಚಿಸುತ್ತಾ ಎಂಟನೇ ರಾತ್ರಿ ಎಂಟು ಹಚ್ಚುತ್ತಾರೆ. ಆ ಬೆಳಕಲ್ಲಿ ಓದುವಂತಿಲ್ಲ, ದುಡ್ಡು ಎಣಿಸುವಂತಿಲ್ಲ. ಸುಮ್ನೆ ನೋಡಬೇಕು. ಒಂದು ದಿನದ ಎಣ್ಣೆ ಎಂಟು ದಿನ ಉರಿದ ಪವಾಡವನ್ನು ನೆನಪಿಸುವುದಷ್ಟೇ ಅದರ ಕೆಲಸ. ಅದಕ್ಕೇ ಪಕ್ಕದಲ್ಲಿ ಒಂಬತ್ತನೆಯದು, ಶಮಾಶ್, ಬೇರೆಯಾಗಿ ನಿಲ್ಲುತ್ತದೆ. ಬೇರೆ ದೀಪ ಹಚ್ಚುವ ಆಳು ಅದು. ಅದೇ ಜನ ಶುಕ್ರವಾರ ಸಂಜೆ ಹಚ್ಚುವ ಶಬ್ಬಾತ್ (ವಾರದ ವಿಶ್ರಾಂತಿ ದಿನ) ದೀಪ ಇದಕ್ಕೆ ಪೂರಾ ಉಲ್ಟಾ. ಆ ಬೆಳಕಲ್ಲೇ ಮನೆಯವರೆಲ್ಲ ಕೂತು ಊಟ ಮಾಡಬೇಕು. ಆದರೆ ಸೂರ್ಯ ಮುಳುಗುವ ಮೊದಲೇ ಹಚ್ಚಿರಬೇಕು, ಆಮೇಲೆ ಬೆಂಕಿ ಹೊತ್ತಿಸುವ ಹಾಗಿಲ್ಲ.

ಪಾರ್ಸಿಗಳ ಅಗ್ಯಾರಿಯಲ್ಲಿ, ಅಂದರೆ ಅಗ್ನಿ ದೇವಾಲಯದಲ್ಲಿ, ಪುರೋಹಿತರು ಬಾಯಿ, ಮೂಗಿಗೆ ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತಾರೆ. ಉಸಿರು, ಎಂಜಲು ತಾಗಿದರೆ ಬೆಂಕಿ ಮೈಲಿಗೆ. ಇಲ್ಲಿ ಬೆಂಕಿ ಬರೀ ಗುರುತಲ್ಲ, ಅದೇ ಪವಿತ್ರ ವಸ್ತು. ಅತಿ ಶ್ರೇಷ್ಠ ದರ್ಜೆಯ ಬೆಂಕಿಯಾದ ಆತಶ್ ಬೆಹ್ರಾಮ್‌ಗೆ 16 ಕಡೆಯ ಬೆಂಕಿ ಸೇರಿಸಿ ಶುದ್ಧ ಮಾಡುತ್ತಾರೆ. ಅದರಲ್ಲಿ ಸಿಡಿಲಿನ ಬೆಂಕಿಯೂ ಇದೆ, ಚಿತೆಯದ್ದೂ ಇದೆ!

ಹೋಮದ ಲೆಕ್ಕ ಬೇರೆ. ಅಲ್ಲಿ ಅಗ್ನಿ ದೂತ, ಕೊಟ್ಟ ಹವಿಸ್ಸನ್ನು ದೇವತೆಗಳಿಗೆ ಮುಟ್ಟಿಸುವವನು. ಬುದ್ಧನಂತೂ ಗಯೆಯಲ್ಲಿ ಬೆಂಕಿಯನ್ನೇ ತಿರುಗಿಸಿ ಹೇಳಿದ. ಕಣ್ಣು ಉರಿಯುತ್ತಿದೆ, ಕಿವಿ ಉರಿಯುತ್ತಿದೆ, ಆಸೆ, ದ್ವೇಷ, ಮೋಹದಿಂದ ಎಲ್ಲವೂ ಉರಿಯುತ್ತಿದೆ ಅಂದ. ಕೇಳಿಸಿಕೊಂಡವರು ಯಾರು ಗೊತ್ತಾ? ಅದುವರೆಗೂ ಅಗ್ನಿಪೂಜೆ ಮಾಡಿಕೊಂಡಿದ್ದ ಜಟಾಧಾರಿಗಳು. ಧೈರ್ಯ ಬೇಕು ಅಲ್ವಾ?

ಇನ್ನು ಬಲ್ಬ್ ವಿಷಯ. ಬರೀ ಬೆಳಕು ಸಾಕಾದ ಕಡೆ ನಡೆಯುತ್ತದೆ, ಉರಿದು ಸವೆಯುವುದೇ ಮುಖ್ಯವಾದ ಕಡೆ ಇಲ್ಲ. ಕ್ಯಾಥೊಲಿಕರು ಈಸ್ಟರ್ ಹಿಂದಿನ ರಾತ್ರಿ ಹೊಸದಾಗಿ ಹಾಕಿದ ಬೆಂಕಿಯಿಂದ ದೊಡ್ಡ ಪಾಸ್ಕಾ (ಈಸ್ಟರ್) ಮೇಣದಬತ್ತಿ ಹಚ್ಚುತ್ತಾರೆ. ಆ ಬತ್ತಿಯ ಮೈಮೇಲೆ ಶಿಲುಬೆ, ಗ್ರೀಕ್ ಅಕ್ಷರಮಾಲೆಯ ಮೊದಲ, ಕೊನೆಯ ಅಕ್ಷರಗಳಾದ ಆಲ್ಫಾ, ಒಮೇಗಾ, ಆ ವರ್ಷದ ನಾಲ್ಕು ಅಂಕಿ. ಯೇಸುವಿನ ಐದು ಗಾಯಗಳ ನೆನಪಿಗೆ ಐದು ಧೂಪದ ಕಾಳು. ಅದರಿಂದ ಜನ ತಮ್ಮ ಸಣ್ಣ ಬತ್ತಿಗಳನ್ನು ಹೊತ್ತಿಸಿಕೊಳ್ಳುತ್ತಾರೆ. ಅದು ನಿಜವಾದ ಮೇಣದ್ದೇ ಆಗಿರಬೇಕು, ಪ್ರತಿ ವರ್ಷ ಹೊಸದೇ ಬೇಕು ಅಂತ ಚರ್ಚಿನ ನಿಯಮವೇ ಇದೆ. ಹೋದ ವರ್ಷದ್ದು ಎಷ್ಟೇ ಉಳಿದಿದ್ದರೂ ನಡೆಯುವುದಿಲ್ಲ.