ಜಾನ್ ಕೆನೆಡಿ ಟೂಲ್ ಯಾರು? ಸತ್ತ ಮೇಲೆ ಅವರ ಕಾದಂಬರಿಗೆ ಅಮೆರಿಕದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಬಂದಿದ್ದು ಹೇಗೆ?

ತಾಯಿಯ ಹಟದಿಂದ ಅಂತಲೇ ಹೇಳಬೇಕು.

ಟೂಲ್ ಹುಟ್ಟಿದ್ದು 1937ರಲ್ಲಿ, ಅಮೆರಿಕದ ನ್ಯೂ ಓರ್ಲಿಯನ್ಸ್‌ನಲ್ಲಿ. ಓದಿನಲ್ಲಿ ಚುರುಕು, ಇಂಗ್ಲಿಷ್ ಮೇಷ್ಟ್ರಾದರು. ಸೈನ್ಯಕ್ಕೆ ಕರೆದಾಗಲೂ ಪೋರ್ಟೊ ರಿಕೊದಲ್ಲಿ ಸಿಪಾಯಿಗಳಿಗೆ ಇಂಗ್ಲಿಷ್ ಹೇಳಿಕೊಡುವ ಕೆಲಸವೇ ಸಿಕ್ಕಿತು. ಅಲ್ಲೇ ‘ಎ ಕಾನ್ಫೆಡರಸಿ ಆಫ್ ಡನ್ಸಸ್’ ಅನ್ನುವ ಹಾಸ್ಯ ಕಾದಂಬರಿ ಬರೆಯಲು ಕೂತರು.

ಇದರ ನಾಯಕ ಇಗ್ನೇಷಿಯಸ್. ಡೊಳ್ಳು ಹೊಟ್ಟೆ, ಕಿವಿ ಮುಚ್ಚುವ ಹಸಿರು ಟೋಪಿ. ತುಂಬಾ ಓದಿಕೊಂಡವನು, ಆದರೆ ಅಮ್ಮನ ದುಡ್ಡಲ್ಲಿ ಕೂತು ಲೋಕವನ್ನೆಲ್ಲ ಬೈಯುತ್ತಾನೆ. ಹಾಟ್ ಡಾಗ್ ಗಾಡಿ ತಳ್ಳುವ ಕೆಲಸ ಕೊಟ್ಟರೆ ಮಾರಿದ್ದಕ್ಕಿಂತ ತಿಂದದ್ದೇ ಜಾಸ್ತಿ! ಇಂಥವರು ನಮ್ಮ ಬೀದಿಯಲ್ಲೂ ಒಬ್ಬರು ಇರ್ತಾರೆ, ಅಲ್ವಾ?

ಸೈಮನ್ ಅಂಡ್ ಶುಸ್ಟರ್ ಪ್ರಕಾಶನದ ಸಂಪಾದಕ ರಾಬರ್ಟ್ ಗಾಟ್ಲೀಬ್ ಹಾಸ್ಯ ಮೆಚ್ಚಿದರು. ಆದರೆ ಕತೆಗೆ ಗುರಿಯಿಲ್ಲ ಅಂದರು. ಪತ್ರವ್ಯವಹಾರ ಎರಡು ವರ್ಷ ಎಳೆಯಿತು, ಪುಸ್ತಕ ಬರಲಿಲ್ಲ. 1969ರಲ್ಲಿ, 31ನೇ ವಯಸ್ಸಿಗೆ, ಟೂಲ್ ಆತ್ಮಹತ್ಯೆ ಮಾಡಿಕೊಂಡರು. ಪುಸ್ತಕ ನಿಂತಿದ್ದೇ ಕಾರಣ ಅನ್ನುವವರಿದ್ದಾರೆ. ನನಗೆ ಅದು ಅಷ್ಟು ಸುಲಭದ ಲೆಕ್ಕ ಅನ್ನಿಸುವುದಿಲ್ಲ, ಕೊನೆಯ ದಿನಗಳಲ್ಲಿ ಅವರ ಮನಸ್ಸೇ ಸ್ವಸ್ಥವಾಗಿರಲಿಲ್ಲ.

ತಾಯಿ ಥೆಲ್ಮಾ ಬಿಡಲಿಲ್ಲ. ಹಲವು ಪ್ರಕಾಶಕರು ಬೇಡವೆಂದರು. 1976ರಲ್ಲಿ, ಇದನ್ನು ಓದಿ ಅಂತ ಆಕೆ ಕಾದಂಬರಿಕಾರ ವಾಕರ್ ಪರ್ಸಿಯ ಬೆನ್ನು ಹತ್ತಿದರು. ಕೈಗೆ ಕೊಟ್ಟಿದ್ದು ಮಸಿ ಕಲೆಸಿಹೋದ ಕಾರ್ಬನ್ ಪ್ರತಿ. ಮೊದಲ ಪುಟವೇ ಕೆಟ್ಟದಾಗಿದ್ದರೆ ಬಚಾವ್ ಅಂದುಕೊಂಡು ತೆರೆದ ಪರ್ಸಿಗೆ ಕೆಳಗಿಡಲು ಆಗಲಿಲ್ಲ. 1980ರಲ್ಲಿ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ ಪ್ರೆಸ್ ಅಚ್ಚು ಹಾಕಿದ್ದು ಬರೀ 2,500 ಪ್ರತಿ. ಮರುವರ್ಷವೇ ಪುಲಿಟ್ಜರ್!

ಟೂಲ್ 16ರ ವಯಸ್ಸಲ್ಲಿ ಬರೆದಿದ್ದ ‘ದ ನಿಯಾನ್ ಬೈಬಲ್’ ಕೂಡ 1989ರಲ್ಲಿ ಹೊರಬಂತು. ನ್ಯೂ ಓರ್ಲಿಯನ್ಸ್‌ನ ಕೆನಾಲ್ ಸ್ಟ್ರೀಟ್‌ನಲ್ಲಿ ಈಗ ಇಗ್ನೇಷಿಯಸ್‌ನ ಕಂಚಿನ ಪ್ರತಿಮೆಯೂ ಇದೆ, ಅದೇ ಟೋಪಿ ಹಾಕಿಕೊಂಡು.